ಕೈ ಮುಗಿದ ಗಲ್ಲಿ

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿರುವ ಶಿವಲಿಂಗವ್ವನ ಖಾನಾವಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಯಾರೂ ಮಾತಾಡುವುದಿಲ್ಲ. ರೊಟ್ಟಿ ಬಿಸಿಯಿರುವಾಗ ಬಾಯಿಗೆ ಬೇರೆ ಕೆಲಸ ಕೊಡುವವನು ದಡ್ಡ ಎಂಬುದನ್ನು ಅಲ್ಲಿ ಉಣ್ಣುವವರೆಲ್ಲ ಒಪ್ಪಿಕೊಂಡು ಬಹಳ ಕಾಲವಾಗಿದೆ. ಅಂಥ ಹೊತ್ತಿನಲ್ಲಿ ಒಂದು ದಿನ ಮೂಲೆಯ ಮೇಜಿನಿಂದ ಒಂದು ಮೊಬೈಲು ಗಟ್ಟಿಯಾಗಿ ಮಾತಾಡತೊಡಗಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಶಿವಲಿಂಗವ್ವ ಕೈ ನಿಲ್ಲಿಸಿದಳು. ಮೊಬೈಲಿನಲ್ಲಿದ್ದದ್ದು ಅವಳದೇ ದನಿ.

"ವರ್ಷಾ ವರ್ಷಾ ಬರ್ತಾನ್ರಿ. ಬಂದು ಕೈ ಮುಗದು ಕ್ಷಮಾ ಕೇಳ್ತಾನ."

ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಲೋಂಡಾದಲ್ಲಿ ರೈಲ್ವೆ ಕೆಲಸ ಮಾಡುವ ಮುತ್ತಪ್ಪ, ತುತ್ತು ಅರ್ಧಕ್ಕೆ ಬಿಟ್ಟು, ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ಮೊಬೈಲನ್ನು ಅವಳ ಮುಂದೆ ಹಿಡಿದ. ಪುಣೆಯಿಂದ ಬಂದು ಎರಡು ವರ್ಷ ಅವಳ ಮನೆಯಲ್ಲಿ ಓಡಾಡಿದ ಅನಿಕೇತ ಎಂಬ ಹುಡುಗ ಮಾಡಿದ ಸಾಕ್ಷ್ಯಚಿತ್ರದ ತುಣುಕು ಅದು. ಹಿಮದ ಗುಡ್ಡ, ಗಾಳಿಯ ಸದ್ದು, ಸತ್ತ ಮಗ ಆಕಾಶನ ಫೋಟೊ. ಆಮೇಲೆ ಇದೇ ಖಾನಾವಳಿಯ ಬಾಗಿಲಲ್ಲಿ ತಲೆ ತಗ್ಗಿಸಿ ಕೈ ಮುಗಿದು ನಿಂತ ಶ್ರೇಣಿಕ, ಆಕಾಶನ ಜೊತೆ ಗುಡ್ಡ ಹತ್ತಿ ಒಬ್ಬನೇ ಇಳಿದು ಬಂದವನು. ಅದರ ಮೇಲೆ ಅವಳ ಮಾತು. ಕೊನೆಗೆ ಪರದೆ ಕಪ್ಪಾಗಿ ಬಿಳಿ ಅಕ್ಷರ ಮೂಡಿದವು: ಒಬ್ಬ ಹಿಂದೆ ಉಳಿದ, ಇನ್ನೊಬ್ಬ ಇಂದಿಗೂ ಕ್ಷಮೆ ಕೇಳುತ್ತಿದ್ದಾನೆ.

ಹೀಗೆ ಮಾಡಿರುತ್ತಾರೆಂದು ತನಗೆ ಗೊತ್ತಿರಲಿಲ್ಲ ಎಂದು ಮುತ್ತಪ್ಪ ತೊದಲಿದ. ತನಗೂ ಗೊತ್ತಿರಲಿಲ್ಲ ಎಂದಳು ಶಿವಲಿಂಗವ್ವ. ಒಳಗೆ ಹೋಗಿ ನೋಡಿದರೆ ಹೆಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಆ ಖಾನಾವಳಿಯ ಇತಿಹಾಸದಲ್ಲಿ ಅದು ಸಣ್ಣ ಸಂಗತಿಯಲ್ಲ.

ಆರು ವರ್ಷದ ಹಿಂದಿನ ಮಾತು. ಆಕಾಶ ಮತ್ತು ಶ್ರೇಣಿಕ ಕಾಲೇಜಿನ ದಿನಗಳಿಂದ ಒಂದೇ ತಟ್ಟೆಯ ಗೆಳೆಯರು, ಒಂದೇ ಹಗ್ಗದ ಗೆಳೆಯರು. ಖಾನಾಪುರದ ಕಾಡಿನ ಬಂಡೆಗಳಲ್ಲಿ ಕೈ ಕಾಲು ತರಚಿಕೊಂಡು ಕಲಿತು, ಕೊನೆಗೆ ಹಿಮಾಲಯದ ತನಕ ಹೋದರು. ಆ ಶಿಖರದ ಹೆಸರಿಗೆ ಶಿವಲಿಂಗವ್ವನ ನಾಲಿಗೆ ಇಂದಿಗೂ ಹೊರಳುವುದಿಲ್ಲ; ಅವಳಿಗೆ ಅದು 'ಆ ಗುಡ್ಡ', ಅಷ್ಟೇ. ಇಬ್ಬರೂ ತುದಿ ಮುಟ್ಟಿದರು. ಇಳಿಯುವಾಗ ಆಕಾಶನಿಗೆ ಎತ್ತರದ ಬೇನೆ ಹತ್ತಿತು, ಉಸಿರು ಸಾಲದಾಯಿತು, ಕಾಲು ಏಳಲಿಲ್ಲ. ನೀನು ಇಳಿ, ಮಂದಿಯನ್ನು ಕರೆದುಕೊಂಡು ಬಾ ಎಂದು ಶ್ರೇಣಿಕನನ್ನು ಕಳಿಸಿದ. ಶ್ರೇಣಿಕ ಕೆಳಗೆ ಮುಟ್ಟುವಷ್ಟರಲ್ಲಿ ಹಿಮಗಾಳಿ ಎದ್ದಿತು. ಅದು ನಿಂತ ಮೇಲೆ ಹತ್ತಿದವರಿಗೆ ದಾರಿಯೂ ಸಿಗಲಿಲ್ಲ, ಆಕಾಶನೂ ಸಿಗಲಿಲ್ಲ.

ಹಿಮ ತಿಂದ ಕಾಲ್ಬೆರಳುಗಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದ ಶ್ರೇಣಿಕ, ಬೆಳಗಾವಿಯ ಅನಗೋಳದಲ್ಲಿರುವ ತನ್ನ ಮನೆಗೂ ಹೋಗದೆ ನೇರ ಖಾನಾಪುರಕ್ಕೆ ಬಂದಿದ್ದ. ಅಡುಗೆಮನೆಯ ನೆಲದ ಮೇಲೆ ಕುಳಿತು, ತಾನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ. "ಅವ ಹೋಗು ಅಂದ, ನಾ ಹೋದೆ ಮಾವಶಿ. ಮಂದಿನ್ನ ತರಾಕ ಹೋದೆ, ಖರೇ. ಆದ್ರ ನನಗ ಸಾಯಾಕ ಅಂಜಿಕಿ ಬಂದಿತ್ತು, ಅದೂ ಖರೇ."

ಅದನ್ನು ಅವನು ಹೇಳಬೇಕಾಗಿರಲಿಲ್ಲ. ಹೇಳಿದ. ಹೇಳಿದ್ದರಿಂದಲೇ ಉಳಿದದ್ದನ್ನೂ ಶಿವಲಿಂಗವ್ವ ನಂಬಿದಳು. ಅವಳು ಕೇಳಿದ್ದು ಒಂದೇ ಮಾತು: ಬಿಟ್ಟು ಬರುವಾಗ ಮಗ ಬಿದ್ದಿದ್ದನೋ ಹೇಗಿದ್ದ. ಕುಳಿತಿದ್ದ, ಬಂಡೆಗೆ ಬೆನ್ನು ಕೊಟ್ಟು, ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದು ಕುಳಿತಿದ್ದ ಎಂದ ಶ್ರೇಣಿಕ. ಲಿಂಗವಂತರು ತಮ್ಮವರನ್ನು ಮಣ್ಣಿಗೆ ಕೊಡುವುದು ಹಾಗೆಯೇ, ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು. ದೇಹವಿಲ್ಲದೆ ಕ್ರಿಯೆ ಹೇಗೆ, ಬೊಂಬೆ ಮಾಡಿ ಹೂಳೋಣವೇ ಎಂದು ಬಳಗದ ಹಿರಿಯರು ತಲೆ ಕೆಡಿಸಿಕೊಂಡಾಗ ಅವಳು ಎಲ್ಲರ ಬಾಯಿ ಮುಚ್ಚಿಸಿದ್ದಳು. "ಅವ ತಾನ ಕುಂತಾನ. ಮಣ್ಣಿನ ಬದಲಿ ಹಿಮಾ ಬಿದ್ದೈತಿ. ಇನ್ನ ನಮ್ಮ ಕೆಲಸ ಏನೈತಿ."

ಆ ದಿನ ಆಕಾಶನ ಹೆಂಡತಿ, ಸೊಸೆ ಪೂರ್ಣಿಮಾ ಒಳಕೋಣೆಯಿಂದ ಹೊರಗೆ ಬಂದಿರಲಿಲ್ಲ. ಆಮೇಲೂ ಅವಳು ಶ್ರೇಣಿಕನಿಗೆ ಊಟಕ್ಕೆ ಬಡಿಸಿದಳು, ಅಣ್ಣಾ ಎಂದು ಕರೆದಳು, ಆದರೆ ಗುಡ್ಡದ ಮಾತು ಮಾತ್ರ ತೆಗೆಯಲಿಲ್ಲ. ಬೆಳಗಾವಿಯ ಒಂದು ರಕ್ತ ತಪಾಸಣೆಯ ಕೇಂದ್ರದಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ರೈಲಿಗೆ ಹೋದರೆ ಸಂಜೆ ಬರುತ್ತಾಳೆ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಿದವರು. ಬೇರೆ ಮನೆ ಮಾಡು, ಬೇರೆ ಮದುವೆ ಮಾಡಿಕೋ ಎಂದು ಅತ್ತೆಯೇ ಹೇಳಿ ಹೇಳಿ ಸಾಕಾಗಿದ್ದಳು.

ಇನ್ನು ಕೈ ಮುಗಿಯುವ ಕಥೆ. ಶ್ರೇಣಿಕ ಜೈನರವನು. ಅವರಲ್ಲಿ ಭಾದ್ರಪದ ಮಾಸದಲ್ಲಿ ಹತ್ತು ದಿನದ ದಶಲಕ್ಷಣ ಪರ್ವ ನಡೆಯುತ್ತದೆ. ಉಪವಾಸ, ಪೂಜೆ ಎಲ್ಲ ಮುಗಿದ ಮೇಲೆ ಬರುವುದು ಕ್ಷಮಾವಣಿ. ಅಂದು ಅವರು ಮನೆಯಿಂದ ಹೊರಬಿದ್ದು ಕಂಡವರಿಗೆಲ್ಲ ಕೈ ಮುಗಿಯುತ್ತಾರೆ: ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ. ತಂದೆ ಮಗನಿಗೆ, ಮಾಲೀಕ ಆಳಿಗೆ, ಅತ್ತೆ ಸೊಸೆಗೆ. ವರ್ಷವಿಡೀ ಜಗಳವಾಡಿದವರಿಗೆ ಎಷ್ಟೋ, ಒಂದು ಮಾತನ್ನೂ ಆಡದವರಿಗೂ ಅಷ್ಟೇ. ಶ್ರೇಣಿಕನಂತೂ ಖಾನಾವಳಿಯ ಬಾಗಿಲಲ್ಲಿ ಮಲಗಿದ್ದ ನಾಯಿಗೂ ಕೈ ಮುಗಿದೇ ಒಳಗೆ ಬರುವವನು. "ಆತೇಳು, ಕುಂದರು, ರೊಟ್ಟಿ ಆರತಾವ" ಎಂಬುದು ಶಿವಲಿಂಗವ್ವನ ವರ್ಷ ವರ್ಷದ ಉತ್ತರ.

ಹೋದ ವರ್ಷ ಆ ದಿನವೇ ಅನಿಕೇತ ಕ್ಯಾಮೆರಾ ಹಿಡಿದು ಅಡುಗೆಮನೆಯಲ್ಲಿದ್ದ. ಗುಡ್ಡದಲ್ಲಿ ಸತ್ತವರ ಮನೆ ಮನೆಗೆ ಹೋಗಿ, ಹಿಂದೆ ಉಳಿದವರನ್ನು ಚಿತ್ರಿಸುವುದು ಅವನ ಕೆಲಸ. ತನ್ನ ಅಜ್ಜಿಯ ತವರು ಅನಗೋಳವೆಂದು ಹೇಳಿಕೊಂಡು ಬಂದಿದ್ದರಿಂದ ಇವಳೂ ಒಳಗೆ ಬಿಟ್ಟುಕೊಂಡಿದ್ದಳು. ಹುಡುಗ ಕೆಟ್ಟವನಲ್ಲ. ಹೊಟ್ಟೆತುಂಬ ಉಣ್ಣುತ್ತಿದ್ದ, ತಾಟು ತಾನೇ ತೊಳೆಯುತ್ತಿದ್ದ. ಅವನದೊಂದೇ ಕೊರಗು: ಎರಡು ವರ್ಷ ಬೆನ್ನು ಹತ್ತಿದರೂ ಈ ತಾಯಿ ಕ್ಯಾಮೆರಾ ಮುಂದೆ ಒಮ್ಮೆಯೂ ಅತ್ತಿರಲಿಲ್ಲ. ಆ ದಿನ ಬಾಗಿಲಲ್ಲಿ ಕೈ ಮುಗಿದು ನಿಂತ ಶ್ರೇಣಿಕನನ್ನು ಕಂಡು ಅವನು ಉಸಿರು ಬಿಗಿಹಿಡಿದು ಚಿತ್ರಿಸಿಕೊಂಡ. ಏನಿದು ಎಂದು ಕೇಳಲಿಲ್ಲ. ಕೇಳಿದರೆ ಆ ಕ್ಷಣ ಕೆಡುತ್ತದೆಂದು ಅವನ ವಿದ್ಯೆ ಅವನಿಗೆ ಕಲಿಸಿತ್ತು. ಆಮೇಲೆ ಶ್ರೇಣಿಕ ಬರುತ್ತಿರುತ್ತಾನೆಯೇ ಎಂದಷ್ಟೇ ಕೇಳಿದ. ಇವಳು ಇದ್ದದ್ದನ್ನು ಹೇಳಿದಳು. ಹಬ್ಬದ ಹೆಸರು ಹೇಳಲಿಲ್ಲ. ಯಾಕೆ ಹೇಳಬೇಕು? ಬೆಳಗಾವಿ ಸೀಮೆಯಲ್ಲಿ ದೀಪಾವಳಿಗೆ ಯಾಕೆ ದೀಪ ಹಚ್ಚುತ್ತೀರಿ ಎಂದು ಯಾರಿಗಾದರೂ ಬಿಡಿಸಿ ಹೇಳುತ್ತಾರೆಯೇ?

ತುಣುಕು ಹೊರಬಿದ್ದದ್ದೇ ತಡ, ಅದನ್ನು ನೋಡದವರಿಲ್ಲ. ಶ್ರೇಣಿಕ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಎತ್ತರದ ಗೋಡೆ ಕಟ್ಟಿ, ಅದಕ್ಕೆ ಹಿಡಿಗಲ್ಲು ಕೂಡಿಸಿ, ಮಕ್ಕಳಿಗೆ ಹತ್ತುವುದನ್ನು ಕಲಿಸುತ್ತಿದ್ದ. ಗೆಳೆಯನನ್ನೇ ಬಿಟ್ಟು ಬಂದವನ ಕೈಗೆ ನಮ್ಮ ಕೂಸಿನ ಹಗ್ಗ ಕೊಡುವುದೇ ಎಂದು ಒಬ್ಬರಾದ ಮೇಲೆ ಒಬ್ಬರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಶ್ರೇಣಿಕ ಶೆಡ್ಡಿನ ಬಾಗಿಲು ಹಾಕಿದ.

ಶಿವಲಿಂಗವ್ವ ಅನಿಕೇತನಿಗೆ ಫೋನು ಹಚ್ಚಿ ಉಗಿದಳು. ಅವನು ತಾಳ್ಮೆಯಿಂದ ಕೇಳಿದ. ತಾನು ಒಂದು ಅಕ್ಷರವನ್ನೂ ಸೇರಿಸಿಲ್ಲ, ಕೈ ಮುಗಿದದ್ದು ಶ್ರೇಣಿಕನೇ, ಮಾತು ನಿಮ್ಮದೇ ಎಂದ. ಅದು ಅವರ ಹಬ್ಬ ಎಂದು ಇವಳು ಬಿಡಿಸಿ ಹೇಳಿದಾಗ ಅವನು, ಹಬ್ಬದ ನೆಪದಲ್ಲಾದರೂ ಮನಸ್ಸಿನೊಳಗಿನದು ಹೊರಗೆ ಬರುತ್ತದಲ್ಲ ಕಾಕೂ, ನೋಡುವವರು ತೀರ್ಮಾನಿಸಲಿ ಎಂದ. ಚಿತ್ರ ಮುಗಿದಿದೆ, ಬರುವ ಭಾನುವಾರ ಬೆಳಗಾವಿಯ ಟಿಳಕವಾಡಿಯಲ್ಲೇ ಮೊದಲ ಪ್ರದರ್ಶನ. ಇಂಥ ನುಣ್ಣನೆಯ ಮಾತು ಕೇಳಿ ಅವಳು ಫೋನಿಟ್ಟಳು. ಮೈಯೆಲ್ಲ ಉರಿಯುತ್ತಿತ್ತು. ಬೈಯಬೇಕಾದದ್ದು ಅವನನ್ನೋ ತನ್ನ ನಾಲಿಗೆಯನ್ನೋ ತಿಳಿಯದೆ ಇನ್ನಷ್ಟು ಉರಿಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಮನೆಯೊಳಗೇ ಕಾದಿತ್ತು. ಸಂಜೆ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದ ಪೂರ್ಣಿಮಾ ತಲೆ ಎತ್ತದೆ ಹೇಳಿದಳು. "ಹಬ್ಬಾ ಅನ್ನೂದು ಖರೇ ಅತ್ತಿ. ಆದ್ರ ನಿಮ್ಮ ಮುಂದ ಕೈ ಮುಗಿಯುವಾಗ ಅವರ ಕಣ್ಣಾಗ ನೀರು ಇರತಾವ. ಬರೇ ಹಬ್ಬಕ್ಕ ಯಾರರ ಅಳ್ತಾರೇನ್ರಿ?"

ಸೊಸೆಯ ಬಾಯಲ್ಲಿ ಶ್ರೇಣಿಕ 'ಅಣ್ಣ' ಹೋಗಿ ಬರಿಯ 'ಅವರು' ಆಗಿದ್ದ. ಈ ಅನುಮಾನ ಇಂದು ಹುಟ್ಟಿದ್ದಲ್ಲ, ಆರು ವರ್ಷದಿಂದ ಸೊಸೆಯ ಹೊಟ್ಟೆಯಲ್ಲೇ ಇತ್ತು, ಚಿತ್ರ ಅದಕ್ಕೆ ಬಾಯಿ ಕೊಟ್ಟಿತು ಎಂಬುದು ಶಿವಲಿಂಗವ್ವನಿಗೆ ಆಗ ಹೊಳೆಯಿತು. ಕಣ್ಣಲ್ಲಿ ನೀರು ಇರುತ್ತಿದ್ದದ್ದು ಸುಳ್ಳಲ್ಲ.

ಗಣಪತಿಯನ್ನು ಕಳಿಸಿ ಬೆಳಗಾವಿ ಇನ್ನೂ ಮೈ ಮುರಿಯುತ್ತಿದ್ದಾಗ ಕ್ಷಮಾವಣಿ ಬಂತು. ಶಿವಲಿಂಗವ್ವ ಬೆಳಿಗ್ಗೆಯೇ ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟಿಸದೆ ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಿಟ್ಟಳು. ಬಾಗಿಲ ಕಡೆ ನೋಡುತ್ತ ರೊಟ್ಟಿ ಬಡಿದಳು. ಒಂದು ರೈಲು ಬಂತು, ಇನ್ನೊಂದು ಬಂತು, ಶ್ರೇಣಿಕ ಬರಲಿಲ್ಲ. ಬಂದದ್ದು ಅವನ ತಾಯಿ ಅಕ್ಕಾತಾಯಿಯ ಫೋನು. ಹತ್ತು ದಿನ ಉಪವಾಸ ಮಾಡಿದ ಮಗ ಇಂದು ಬಾಗಿಲು ಹಾಕಿಕೊಂಡು ಕುಳಿತಿದ್ದಾನಂತೆ. ಯಾರಿಗೆ ಕೈ ಮುಗಿದರೂ, ನೋಡಿ, ಒಪ್ಪಿಕೊಂಡ ಎನ್ನುತ್ತಾರೆ. ಈ ಕೈ ಇನ್ನು ಮುಗಿಯುವುದಿಲ್ಲ ಎಂದನಂತೆ. ವರ್ಷವಿಡೀ ಕಟ್ಟಿಕೊಂಡ ಗಂಟುಗಳನ್ನು ಬಿಚ್ಚುವ ದಿನ ಅದು. ಆ ದಿನವನ್ನೇ ಅವನಿಂದ ಕಸಿದುಕೊಂಡಿದ್ದರು.

ಶಿವಲಿಂಗವ್ವ ಒಲೆ ಆರಿಸಿದಳು. ಇಂದು ಖಾನಾವಳಿ ಬಂದ್ ಎಂದಾಗ ಕೈ ತೊಳೆದುಕೊಂಡು ಕುಳಿತಿದ್ದವರು ಬಾಯಿ ಬಾಯಿ ಬಿಟ್ಟರು. ಅವಳು ಯಾರಿಗೂ ಕಾರಣ ಹೇಳಲಿಲ್ಲ. ಅನಿಕೇತನಿಗೆ ಮಾತ್ರ ಫೋನು ಮಾಡಿದಳು. ಪ್ರದರ್ಶನದ ಓಡಾಟಕ್ಕೆಂದು ಅವನು ಬೆಳಗಾವಿಯಲ್ಲೇ ಇದ್ದ.

"ಎರಡ ವರ್ಷದಿಂದ ನನ್ನ ಅಳು ಕಾಯಾಕತ್ತಿಯಲ್ಲ ತಮ್ಮಾ. ಇವತ್ತ ಅನಗೋಳಕ್ಕ ಬಾ. ಕ್ಯಾಮೆರಾ ತಗೊಂಡು ಬಾ."

ರಜೆಯ ಮೇಲಿದ್ದ ಪೂರ್ಣಿಮಾ ತಾನೂ ಬರುತ್ತೇನೆಂದು ಸೀರೆ ಬದಲಿಸಿದಳು. ಅತ್ತೆ ಒಬ್ಬಳೇ ಹೋಗಬಾರದೆಂದು ಬರುತ್ತಿದ್ದೇನೆ, ತಾನು ಮಾತ್ರ ಯಾರಿಗೂ ಕೈ ಮುಗಿಯುವವಳಲ್ಲ ಎಂದೂ ಹೇಳಿದಳು. ಇವಳು ಹೂಂ ಎಂದಳು. ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಹೊರಗೆ ನೋಡಿಕೊಂಡು ಕುಳಿತರು.

ಅನಗೋಳದ ಗಲ್ಲಿಗಳಲ್ಲಿ ಮೆರವಣಿಗೆಯ ಗುಲಾಲು ಇನ್ನೂ ಕೆಂಪಗೆ ಬಿದ್ದಿತ್ತು, ಮೇಲೆ ಜಿನುಗು ಮಳೆ. ಜೈನರ ಮನೆಗಳ ಮುಂದೆ ಜನ ಹೋಗುತ್ತ ಬರುತ್ತ 'ಉತ್ತಮ ಕ್ಷಮಾ' ಎಂದು ಕೈ ಮುಗಿಯುತ್ತಿದ್ದರು. ಶ್ರೇಣಿಕನ ಮನೆಯ ಮುಂದೆ ಮಾತ್ರ ಯಾರೂ ನಿಲ್ಲುತ್ತಿರಲಿಲ್ಲ. ಕಟ್ಟೆಯ ಮೇಲೆ ಅಕ್ಕಾತಾಯಿ ಒಬ್ಬಳೇ ಕುಳಿತಿದ್ದಳು. ಅನಿಕೇತ ಆಗಲೇ ಬಂದು, ಕ್ಯಾಮೆರಾ ಹೆಗಲಿಗೇರಿಸಿ, ಒಳ್ಳೆಯ ಬೆಳಕು ನೋಡಿಕೊಂಡು ನಿಂತಿದ್ದ. ಸತ್ತವನ ತಾಯಿ ಬದುಕಿದವನ ಮನೆಗೆ ಬಂದಿದ್ದಾಳೆಂಬ ಸುದ್ದಿ ಗಲ್ಲಿಗೆ ಹರಡಲು ಹೊತ್ತು ಬೇಕೇ? ಹಾಲು ಹಾಕುವ ಬಾಳೇಶ ಸೈಕಲ್ಲು ನಿಲ್ಲಿಸಿದ. ಎದುರುಮನೆಯ ಮಾಯಕ್ಕ ಹೊರಗೆ ಬಂದಳು. ಮೊಮ್ಮಗಳನ್ನು ಶ್ರೇಣಿಕನ ಶೆಡ್ಡಿನಿಂದ ಮೊದಲು ಬಿಡಿಸಿಕೊಂಡವಳು ಅವಳೇ. ಮಂದಿ ಸೇರಿತು. ಜಗಳ ನೋಡುವ ಆಸೆ ಯಾರಿಗಿಲ್ಲ.

ಕ್ಯಾಮೆರಾ ಚಾಲೂ ಇದೆಯೇ ಎಂದು ಶಿವಲಿಂಗವ್ವ ಕೇಳಿದಳು. ಇದೆ ಎಂದ ಅನಿಕೇತ. ಅವಳು ಸೆರಗು ಸರಿ ಮಾಡಿಕೊಂಡು, ಮುಚ್ಚಿದ ಕಿಟಕಿಯ ಎದುರು ಮಳೆಯಲ್ಲೇ ನಿಂತಳು. ಎರಡೂ ಕೈ ಎತ್ತಿ ಮುಗಿದಳು.

"ಶ್ರೇಣಿಕಾ, ನಾ ನಿನ್ನ ಮಾವಶಿ ಬಂದೀನಿ. ಈ ವರ್ಷ ನನ್ನ ಕಡಿಂದ ತಪ್ಪಾಗೇತಿ. ಹೇಳಬೇಕಾದ್ದು ಪೂರ್ತಿ ಹೇಳಲಿಲ್ಲ, ಅದರಿಂದ ನಿನ್ನ ಹೆಸರು ಕೆಟ್ಟಿತು. ನನಗ ಕ್ಷಮಾ ಮಾಡು."

ಮಗನನ್ನು ಕಳೆದುಕೊಂಡವಳು ಹೀಗೆ ನಿಲ್ಲುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಕೈ ಇಳಿಸದೆಯೇ ಅವಳು ಕ್ಯಾಮೆರಾದ ಕಡೆ ತಿರುಗಿದಳು.

"ನೋಡಿದಿಲ್ಲೋ ತಮ್ಮಾ, ನಾನೂ ಕೈ ಮುಗದೆ. ಕೈ ಮುಗದವರು ಕೊಂದವರು ಅಂತ ನಿನ್ನ ಲೆಕ್ಕ ಇದ್ರ, ಈಗ ಬರಿ: ಮಗನ್ನ ಕೊಂದಾಕಿ ತಾಯಿನ."

ಅನಿಕೇತನ ಮುಖ ಕ್ಯಾಮೆರಾದ ಹಿಂದಿದ್ದದ್ದೇ ಅವನ ಪುಣ್ಯ. ಆದರೂ ಕಿವಿ ಕೆಂಪಾದದ್ದನ್ನು ಬಾಳೇಶ ಕಂಡ. ಅವನು ಜೈನನಲ್ಲ, ಹಬ್ಬ ತನ್ನದಲ್ಲ. ಆದರೂ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬಂದು ಶಿವಲಿಂಗವ್ವನ ಪಕ್ಕ ನಿಂತು ಕಿಟಕಿಗೆ ಕೈ ಮುಗಿದ. ತಾನೂ ಆ ತುಣುಕನ್ನು ನಾಲ್ಕು ಮಂದಿಗೆ ಕಳಿಸಿದವನೇ ಎಂದು ಒಪ್ಪಿಕೊಂಡ. ಆಮೇಲೆ ಅಕ್ಕಾತಾಯಿಯ ಕಡೆ ತಿರುಗಿ, ಹಾಲಿನ ವಿಷಯದಲ್ಲಿ ಏನಿದ್ದರೂ ಬಿಡಿಸಿ ಕೇಳದೆ ಒಟ್ಟಾಗಿ ಕ್ಷಮಿಸಿಬಿಡಬೇಕೆಂದು ಬೇಡಿದ. ಗಲ್ಲಿ ಘೊಳ್ಳೆಂದು ನಕ್ಕಿತು. ಅಕ್ಕಾತಾಯಿಯೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಮಾಯಕ್ಕ ಎರಡು ಹೆಜ್ಜೆ ಮುಂದೆ ಬಂದಳು, ಒಂದು ಹೆಜ್ಜೆ ಹಿಂದೆ ಹೋದಳು, ಕೊನೆಗೆ ಬಂದೇಬಿಟ್ಟಳು.

ಬಾಗಿಲು ತೆರೆಯಿತು.

ಶ್ರೇಣಿಕ ಉಪವಾಸಕ್ಕೆ ಸೊರಗಿ ಅರ್ಧವಾಗಿದ್ದ. ಕುಂಟುತ್ತ ಮೆಟ್ಟಿಲಿಳಿದು ಬಂದು ಶಿವಲಿಂಗವ್ವನ ಮುಗಿದ ಕೈಗಳನ್ನು ಹಿಡಿದು ಇಳಿಸಿದ. ಹಿಂದೆ ಸರಿದು ತಾನೇ ಕೈ ಮುಗಿದ: ಅವಳಿಗೆ, ತಾಯಿಗೆ, ಬಾಳೇಶನಿಗೆ, ಮಾಯಕ್ಕನಿಗೆ. ಕೊನೆಗೆ ಅನಿಕೇತನ ಎದುರು ನಿಂತು ಅವನಿಗೂ ಮುಗಿದ.

ಅನಿಕೇತ ಕ್ಯಾಮೆರಾ ಹಿಡಿದೇ ತಲೆಯಾಡಿಸಿದ, ಬಾಯಲ್ಲಿ ಏನೋ ಗೊಣಗಿದ.

"ಅದನ್ನ ಕೆಳಗ ಇಡೋ" ಎಂದಳು ಶಿವಲಿಂಗವ್ವ. "ಇದಕ್ಕ ಎರಡೂ ಕೈ ಬೇಕು."

ಅವನು ಸುತ್ತ ನೋಡಿದ. ಎಲ್ಲಿ ನೋಡಿದರೂ ಒದ್ದೆ ನೆಲ. ಪೂರ್ಣಿಮಾ ಮುಂದೆ ಬಂದು ಕೈ ಚಾಚಿದಳು. ಅವನು ಕ್ಯಾಮೆರಾ ಅವಳಿಗೆ ಕೊಟ್ಟ. ಪಾಪ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಬರಿಗೈಯಲ್ಲಿ ಮಂದಿಯ ಮುಂದೆ ನಿಂತವನಂತೆ ಕಂಡ. ಆಮೇಲೆ ಎರಡೂ ಕೈ ಜೋಡಿಸಿ ಶ್ರೇಣಿಕನಿಗೆ ಬಾಗಿದ. ತಪ್ಪಾಯಿತು ಎಂದ, ಅದೂ ಅಜ್ಜಿಯ ಕಾಲದ ತುಂಡು ಕನ್ನಡದಲ್ಲಿ. ಶ್ರೇಣಿಕ ಇನ್ನಷ್ಟು ಬಾಗಿದ.

ಪೂರ್ಣಿಮಾಳ ಕೈಯಲ್ಲಿ ಕ್ಯಾಮೆರಾ ಓಡುತ್ತಲೇ ಇತ್ತು. ಅದರ ಸಣ್ಣ ಪರದೆಯ ತುಂಬ ಶ್ರೇಣಿಕನ ಮುಖ. ಆರು ವರ್ಷದಲ್ಲಿ ಅವಳು ಆ ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ತನ್ನ ಹೆಸರು ಕೆಡಿಸಿದ ಅನಿಕೇತನ ಮುಂದೆ ಇದ್ದದ್ದೂ ಅದೇ ನೀರು, ಹಾಲಿಗೆ ನೀರು ಬೆರೆಸುವ ಬಾಳೇಶನ ಮುಂದೆ ಇದ್ದದ್ದೂ ಅದೇ. ಕೈ ಮುಗಿದರೆ ಆ ಮನುಷ್ಯನಿಗೆ ಕಣ್ಣು ತುಂಬುತ್ತಿತ್ತು, ಎದುರಿಗೆ ಯಾರೇ ಇರಲಿ. ಇದು ಅವಳಿಗೆ ಯಾರೂ ಹೇಳಿಕೊಡದೆ ತಾನೇ ತಿಳಿಯಿತು. ಶ್ರೇಣಿಕ ಅವಳ ಕಡೆ ತಿರುಗಿದಾಗ ಕ್ಯಾಮೆರಾವನ್ನು ಪಕ್ಕದಲ್ಲಿದ್ದ ಬಾಳೇಶನ ಎದೆಗೆ ಒತ್ತಿ, ಅವಳು ಎರಡೂ ಕೈ ಮುಗಿದಳು.

"ಅಣ್ಣಾ, ನಾ ನಿಮ್ಮ ಮ್ಯಾಲ ಸಂಶೇ ಪಟ್ಟೆ. ಇವತ್ತಿಂದಲ್ಲ, ಮೊದಲಿಂದ. ಕ್ಷಮಾ ಮಾಡ್ರಿ."

ಆಗ ಶಿವಲಿಂಗವ್ವ ಅತ್ತಳು. ತಡೆಯಲು ನೋಡಿ, ಆಗದೆ, ಕಟ್ಟೆಯ ಮೇಲೆ ಕುಳಿತು ಬಾಯಿಗೆ ಸೆರಗು ಹಚ್ಚಿ ಅತ್ತಳು. ಅದು ಸೋತವಳ ಅಳುವಲ್ಲ. ಮನೆಯೊಳಗೆ ಆರು ವರ್ಷದಿಂದ ಸಿಕ್ಕಿಕೊಂಡಿದ್ದ ಮುಳ್ಳು ಕಿತ್ತುಬಂದ ಸಂತೋಷಕ್ಕೆ ಅತ್ತಳು. ಅನಿಕೇತ ಎರಡು ವರ್ಷ ಕಾದಿದ್ದ ಆ ಅಳು ಬಂದಾಗ ಕ್ಯಾಮೆರಾ ಬಾಳೇಶನ ಕೈಯಲ್ಲಿತ್ತು. ಅದು ಚಿತ್ರಿಸುತ್ತಿದ್ದದ್ದು ಅವನ ಸೈಕಲ್ಲಿನ ಹಿಂದಿನ ಗಾಲಿಯನ್ನು.

ಬಾಳೇಶನಿಗೂ ಪೂರ್ಣಿಮಾಗೆ ಕೈ ಮುಗಿಯಬೇಕೆನಿಸಿತು. ಕ್ಯಾಮೆರಾ ಮಾಯಕ್ಕನಿಗೆ ಹೋಯಿತು. ಮಾಯಕ್ಕನಿಗೆ ಶ್ರೇಣಿಕನಲ್ಲಿ ಮೊಮ್ಮಗಳ ಲೆಕ್ಕ ತೀರಿಸುವುದಿತ್ತು. ಅವಳಿಂದ ಅಕ್ಕಾತಾಯಿಗೆ, ಅಲ್ಲಿಂದ ಇನ್ಯಾರಿಗೋ. ಮುಗಿಯಲು ಹೊರಟವರಿಗೆಲ್ಲ ಎರಡು ಕೈ ಬೇಕಾಗಿತ್ತು, ಹಾಗಾಗಿ ಆ ದುಬಾರಿ ಯಂತ್ರ ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಬಾಣಂತಿಯ ಮನೆಯ ಕೂಸಿನಂತೆ ಕೈಯಿಂದ ಕೈಗೆ ಹೋಯಿತು. ಬೇರೆ ದಿನವಾಗಿದ್ದರೆ ಅನಿಕೇತ ಹೌಹಾರುತ್ತಿದ್ದ. ಅಂದು ಅದರ ಕಡೆ ನೋಡಲೂ ಇಲ್ಲ. ಮಾಯಕ್ಕನ ಮುಂದೆ ನಿಂತು, ತನ್ನ ಅಜ್ಜಿ ಯಾವ ಮನೆಯವಳೆಂದು ಹೇಳುತ್ತಿದ್ದ.

ಭಾನುವಾರದ ಪ್ರದರ್ಶನವನ್ನು ಅವನು ಒಂದು ತಿಂಗಳು ಮುಂದೂಡಿದ. ಬೇಕಾದವರಿಂದಲೂ ಬೇಡವಾದವರಿಂದಲೂ ಬೈಸಿಕೊಂಡ. ಆ ತುಣುಕನ್ನು ತೆಗೆದುಹಾಕಿ, ಯಾಕೆ ತೆಗೆದೆನೆಂದು ತನ್ನ ಹೆಸರು ಹಾಕಿ ಬರೆದ. ದಸರೆ ಕಳೆದು ಟಿಳಕವಾಡಿಯ ಸಭಾಭವನದಲ್ಲಿ ಚಿತ್ರ ತೋರಿಸಿದಾಗ ನಿಲ್ಲಲು ಜಾಗವಿರಲಿಲ್ಲ. ಖಾನಾಪುರದಿಂದ ಊಟದ ಗಿರಾಕಿಗಳು ಬಂದಿದ್ದರು, ಅನಗೋಳದ ಗಲ್ಲಿಗೆ ಗಲ್ಲಿಯೇ ಬಂದಿತ್ತು. ಬೇರೆ ಊರುಗಳ ತಾಯಂದಿರು, ಹೆಂಡಿರು, ಮಕ್ಕಳು ತೆರೆಯ ಮೇಲೆ ಮಾತಾಡಿದರು. ಶಿವಲಿಂಗವ್ವ ಒಬ್ಬೊಬ್ಬರ ಮಾತಿಗೂ ಗುರುತಿನವರಂತೆ ತಲೆಯಾಡಿಸಿದಳು. ಕೊನೆಗೆ ಆ ಗಲ್ಲಿ ಬಂತು. ಮುಗಿಲು ತಲೆಕೆಳಗಾಯಿತು, ಗುಲಾಲಿನ ನೆಲ ಓಲಾಡಿತು, ಸೈಕಲ್ಲಿನ ಗಾಲಿ ಬಂತು, ಯಾರದೋ ಮೂಗು ತೆರೆಯ ತುಂಬ ಬಂತು. ಪ್ರತಿ ಸಲ ಚಿತ್ರ ನೆಟ್ಟಗಾದಾಗ ಹೊಸಬರೊಬ್ಬರು ಕೈ ಮುಗಿದು ನಿಂತಿರುತ್ತಿದ್ದರು. ನಿರ್ದೇಶಕನೂ ಇದ್ದ. ಜನ ಮೊದಲು ನಕ್ಕರು. ನಗುತ್ತ ನಗುತ್ತ ಎದ್ದು ನಿಂತರು. ದೀಪ ಹತ್ತಿದಾಗ ಇಡೀ ಸಭೆ ಶ್ರೇಣಿಕನ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿತ್ತು. ಮಾಯಕ್ಕನ ಮೊಮ್ಮಗಳು ಕುರ್ಚಿಗಳನ್ನು ದಾಟಿ ಬಂದು, ನಾಳೆಯಿಂದ ಗೋಡೆ ಹತ್ತಲು ಬರಲೇ ಎಂದು ಕೇಳಿದಳು. ಗೆದ್ದೆ ಎಂದು ಶಿವಲಿಂಗವ್ವನಿಗೆ ಬಾಯಿಬಿಟ್ಟು ಕೂಗಬೇಕೆನಿಸಿತು. ವಯಸ್ಸಿನ ಮರ್ಯಾದೆಗೆ ಸುಮ್ಮನಿದ್ದಳು.

ಜೈನನಾದ ಶ್ರೇಣಿಕ ಹೊತ್ತು ಮುಳುಗುವ ಮೊದಲು ಉಣ್ಣಬೇಕು. ಸಭಾಭವನದ ಹೊರಗಿನ ಮೆಟ್ಟಿಲ ಮೇಲೆ ಅವಳು ಬುತ್ತಿ ಬಿಚ್ಚಿದಳು. ಮೂವರೂ ಕುಳಿತರು. ಅವನು ಎರಡು ತುತ್ತು ತಿಂದಿರಬೇಕು, ಪೂರ್ಣಿಮಾ ಅವನ ಕಡೆ ತಿರುಗಿದಳು.

"ಅಣ್ಣಾ, ಅವರು ಮ್ಯಾಲ ತುದಿಗೆ ಹತ್ತಿದಾಗ ಏನ್ ಮಾಡಿದ್ರು?"

ಶ್ರೇಣಿಕನ ಕೈ ನಿಂತಿತು. ಆಕಾಶ ಹೇಗೆ ಸತ್ತ ಎಂದು ಪೊಲೀಸರು ಕೇಳಿದ್ದರು, ಡಾಕ್ಟರು ಕೇಳಿದ್ದರು, ಪತ್ರಿಕೆಯವರು ಕೇಳಿದ್ದರು, ಅನಿಕೇತನಂತೂ ಎರಡು ವರ್ಷ ಕೇಳಿದ್ದ. ಗೆದ್ದಾಗ ಹೇಗಿದ್ದ ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ಶಿವಲಿಂಗವ್ವನಿಗೂ ಅದು ಆಗಲೇ ಹೊಳೆದದ್ದು: ತಾನೂ ಕೇಳಿರಲಿಲ್ಲ.

ಶ್ರೇಣಿಕನ ಮುಖ ಮೆಲ್ಲಗೆ ಅರಳತೊಡಗಿತು. ಆಕಾಶ ಕುಣಿದನಂತೆ. ಉಸಿರಾಡಲು ಗಾಳಿಯಿಲ್ಲದ ಜಾಗದಲ್ಲಿ, ಆ ದಪ್ಪ ಬೂಟು ಹಾಕಿಕೊಂಡು, ಹುಚ್ಚನ ಹಾಗೆ ಕುಣಿದನಂತೆ. ಪೂರ್ಣೀ, ಪೂರ್ಣೀ ಎಂದು ನಾಲ್ಕೂ ದಿಕ್ಕಿಗೆ ಕೂಗಿದನಂತೆ. ಆಮೇಲೆ ಒಳಗಿನ ಜೇಬಿಗೆ ಕೈ ಹಾಕಿ, ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತೆಗೆದ. ತುದಿಯಲ್ಲೇ ತಿನ್ನಬೇಕೆಂದು ಅಲ್ಲಿಯ ತನಕ ಉಳಿಸಿದ್ದ. ಅದು ಚಳಿಗೆ ಕಲ್ಲಾಗಿತ್ತು. ಇವನು ಬೇಡ ಬೇಡ ಎನ್ನುತ್ತಿರುವಾಗಲೇ ಜೋರಾಗಿ ಕಚ್ಚಿದ.

"ಹಲ್ಲ ಮುರೀತ್ರಿ" ಎಂದ ಶ್ರೇಣಿಕ. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. "ಬಿದ್ದು ಬಿದ್ದು ನಕ್ಕ. ಅವ್ವಗ ಮಾತ್ರ ಹೇಳಬ್ಯಾಡೋ, ಆಕಿ ಹೋಳಿಗಿ ಬೈದಂಗ ಆಗತೈತಿ ಅಂತ ಆಣಿ ಮಾಡಿಸಿಕೊಂಡ. ಅದೊಂದ ನಾ ನಿಮಗ ಹೇಳಿರಲಿಲ್ಲ ಮಾವಶಿ."

ಪೂರ್ಣಿಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು. ಶಿವಲಿಂಗವ್ವ ಬುತ್ತಿಯ ಬಟ್ಟೆ ಕೈಯಲ್ಲಿ ಹಿಡಿದು, ಎತ್ತರದ ಬಿಳಿ ತುದಿಯ ಮೇಲೆ ನಗುತ್ತ ನಿಂತ ಮಗನನ್ನು ನೋಡುತ್ತಿದ್ದಳು. ಆರು ವರ್ಷದಲ್ಲಿ ಮೊದಲ ಸಲ ಅವನು ಕುಳಿತಿರಲಿಲ್ಲ, ನಿಂತಿದ್ದ.

"ಯಾವ ಹಲ್ಲೋ?" ಎಂದು ಕೇಳಿದಳು.